ಮಠದ ಹಳೆಯ ಪಿಕಪ್ಪಿನ ಮೈಬಣ್ಣ

ನಮ್ಮ ಮಠದ ದಾಸೋಹಕ್ಕೆ ಜೋಳ, ಕಟ್ಟಿಗೆ ಹೊತ್ತು ತರುವ ಪಿಕಪ್ ವಾಹನಕ್ಕೆ 20 ವರ್ಷ ಮೀರಿದೆ. ಎಂಜಿನ್ನು ಇಂದಿಗೂ ಗಟ್ಟಿ, ಕೆಟ್ಟದ್ದು ಮೈಬಣ್ಣ. ಸವರಿದರೆ ಸುಣ್ಣದಂತಹ ಪುಡಿ ಕೈಗೆ ಅಂಟುತ್ತಿತ್ತು. ಬಣ್ಣದ ಕಣಗಳನ್ನು ಹಿಡಿದಿಟ್ಟ ರಾಳವನ್ನು ಬಿಸಿಲಿನ ನೇರಳಾತೀತ ಕಿರಣಗಳು ಶಿಥಿಲಗೊಳಿಸುವುದರಿಂದ ಹೀಗಾಗುತ್ತದೆ.

ಇಷ್ಟೇ ಆದರೆ ಪಾಲಿಶ್ ಹಚ್ಚಿ ತಿಕ್ಕಿದರೆ ಹೊಳಪು ಬಹುಮಟ್ಟಿಗೆ ಮರಳುತ್ತದೆ. ತಿಕ್ಕುವ ಬಿಳಿ ಬಟ್ಟೆಗೆ ಬಣ್ಣ ಹತ್ತದಿದ್ದರೆ ಮೇಲೊಂದು ಪಾರದರ್ಶಕ ಪದರವಿದೆಯೆಂದು ತಿಳಿಯಬೇಕು. ಆ ಪದರವೇ ಸುಲಿದಿದ್ದರೆ ತಿಕ್ಕಿ ಫಲವಿಲ್ಲ. ಕೆರೆದು ಮತ್ತೆ ಬಳಿಯಲೇಬೇಕು.

ಗುಳ್ಳೆಯೆದ್ದ ಕಡೆ ಮಾತೇ ಬೇರೆ, ಅದರಡಿ ತುಕ್ಕಿರುತ್ತದೆ. ಮೂರು ವರ್ಷದ ಹಿಂದೆ ಜಾತ್ರೆ ಸಮೀಪಿಸಿತೆಂಬ ಆತುರದಲ್ಲಿ ನಾನೇ ತುಕ್ಕಿನ ಮೇಲೆ ಬಣ್ಣ ಬಳಿಸಿದೆನು. ಭಕ್ತರು ಕೊಟ್ಟ ಹಣ ಒಂದೇ ಮಳೆಗಾಲದಲ್ಲಿ ಚಕ್ಕೆಚಕ್ಕೆಯಾಗಿ ಉದುರಿತು. ಲೆಕ್ಕದ ಪುಸ್ತಕದಲ್ಲಿ ಆ ಮೊತ್ತ ಕಂಡಾಗಲೆಲ್ಲ ನಾಚಿಕೆಯಾಗುತ್ತದೆ.

ಈ ಸಲ ಪೇಂಟರು ತಂತಿಯ ಬ್ರಷ್ಷು, 80 ನಂಬರಿನ ಉಪ್ಪು ಕಾಗದಗಳಿಂದ ತಗಡು ಹೊಳೆಯುವವರೆಗೆ ತುಕ್ಕು ತೆಗೆದರು. ತಿನ್ನರಿನಿಂದ ಒರೆಸಿ ಅಂದೇ ಪ್ರೈಮರ್ ಹಚ್ಚಿದರು. ಬರಿಯ ತಗಡು ಇಬ್ಬನಿಯಲ್ಲಿ ರಾತ್ರಿ ಕಳೆದರೆ ಮತ್ತೆ ತುಕ್ಕು. ಬಳಿಕ ಪುಟ್ಟಿ, 400, 600 ನಂಬರಿನ ಕಾಗದದಿಂದ ನೀರು ಹಾಕಿ ಉಜ್ಜುವುದು. ಹಾರ್ಡನರ್ ಬೆರೆಸಿದ ಬಣ್ಣದ ತುಂತುರು ಶ್ವಾಸಕೋಶಕ್ಕೆ ಅಪಾಯಕರ, ಮೂಗಿಗೆ ಕಟ್ಟಿದ ವಸ್ತ್ರ ಸಾಲದು. ತಕ್ಕ ಮುಖಗವಸನ್ನು ಒದಗಿಸುವುದು ಕೆಲಸ ಮಾಡಿಸುವವರ ಹೊಣೆ. ಕಾಯಕದ ಮಾತಾಡುವ ನಾವು ಇದನ್ನು ಮರೆಯಲಾಗದು.

ಕಾವಿ ಬಣ್ಣವಿರಲೆಂದು ಮಠದ ಹುಡುಗರ ಆಸೆ. ನೋಂದಣಿ ಪತ್ರದಲ್ಲಿರುವುದು ಬಿಳಿ. ಬದಲಿಸಿದರೆ ಸಾರಿಗೆ ಕಚೇರಿಯಲ್ಲಿ ನಮೂದಾಗಬೇಕು. ಬಿಳಿಯೇ ಇರಲೆಂದೆವು. ಎಡಬಾಗಿಲಿನ ಕೆಲಸ ಇನ್ನೂ ಬಾಕಿಯಿದೆ.