ಲೇಪನದ ಕೆಳಗೆ ನಾದ ಉಳಿಯುವುದೇ?

ಪ್ರಶ್ನೆ: ದೇವಸುಗೂರಿನಲ್ಲಿ ವಾದ್ಯಗಳ ಬಿಡಿಭಾಗಗಳಿಗೆ ಪೌಡರ್ ಕೋಟಿಂಗ್ ಮಾಡುವ ಸಣ್ಣ ಉದ್ಯಮವನ್ನು ಆರಂಭಿಸಬಹುದೇ?

ಉತ್ತರ: ಅವಶ್ಯವಾಗಿ ಆರಂಭಿಸಬಹುದು, ಆದರೆ ವಾದ್ಯದ ಯಾವ ಅಂಗವು ನಾದಕ್ಕೆ ಆಧಾರ ಮಾತ್ರವಾಗಿರುವುದು, ಯಾವುದು ತಾನೇ ನಾದವನ್ನು ಹೊಮ್ಮಿಸುವುದು ಎಂಬ ವಿವೇಕವು ಮೊದಲು ಬೇಕು. ವಿದ್ಯುದಾವೇಶಗೊಂಡ ಒಣ ಪುಡಿಯು ಭೂಸಂಪರ್ಕವುಳ್ಳ ಲೋಹಕ್ಕೆ ಅಂಟಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ದೃಢವಾದ ಪದರವಾಗುವುದರಿಂದ, ಡ್ರಮ್ಮಿನ ಉಕ್ಕಿನ ಬಳೆ, ಕೊಕ್ಕೆ, ಹಾರ್ಮೋನಿಯಂ ಸ್ಟ್ಯಾಂಡುಗಳಿಗೆ ಅದು ಯೋಗ್ಯವೇ ಸರಿ. ಚರ್ಮವೂ ಮರವೂ ಆ ತಾಪವನ್ನು ತಾಳಲಾರವು; ತಾಳ, ಗೆಜ್ಜೆ, ಹಿತ್ತಾಳೆಯ ರೀಡುಗಳಾದರೋ ಲೇಪನದ ಭಾರದಿಂದ ತಮ್ಮ ಕಂಠವನ್ನೇ ಕಳೆದುಕೊಳ್ಳುವುವು. ಅಂಥವನ್ನು ಯಾರಾದರೂ ತಂದರೆ ದಯವಿಟ್ಟು ಹಿಂದಿರುಗಿಸಿರಿ. ತಿರುಪಿನ ಎಳೆಗಳನ್ನು ಮುಚ್ಚಿ, ಜಿಡ್ಡನ್ನೂ ತುಕ್ಕನ್ನೂ ಪೂರ್ಣವಾಗಿ ತೊಳೆದು, ಬೇಸಿಗೆಯ ಧೂಳು ನುಸುಳದ ಕೋಣೆಯಲ್ಲಿ ಕೆಲಸಮಾಡಿರಿ. ಕೆಲಸ ದೊರೆಯುವುದೇ ಎಂದು ಊರದೇವರಾದ ಸೂಗೂರೇಶ್ವರನ ಜಾತ್ರೆಗೆ ಮುನ್ನ ಭಜನಾಮಂಡಳಿಗಳನ್ನೂ ಬ್ಯಾಂಡಿನವರನ್ನೂ ಕಂಡು ವಿಚಾರಿಸಿರಿ.