ನಿಮಗಿದು ಗೊತ್ತೆ? ಬೆಂಕಿ ತಾಗದೆ ಕೆಂಪಗಾಗುವ ಉಕ್ಕು

ಬಣಕಲ್ ದಾಟಿ ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿ ಇಳಿಯುವ ಇಂದಿನ ಅನೇಕ ಕಾರುಗಳಲ್ಲಿ, ಮುಂದಿನ ಹಾಗೂ ಹಿಂದಿನ ಬಾಗಿಲುಗಳ ನಡುವಣ ಕಂಬವು (ಪಕ್ಕದಿಂದ ಬಂದು ಗುದ್ದುವ ವಾಹನವನ್ನು ತಡೆಯುವುದು ಮುಖ್ಯವಾಗಿ ಇದೇ) ಅತ್ಯಲ್ಪ ಬೋರಾನ್ ಬೆರೆತ ಉಕ್ಕಿನ ಹಾಳೆಯನ್ನು 900 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಒಳಗೆ ನೀರು ಹರಿಯುವ ತಣ್ಣನೆಯ ಅಚ್ಚಿನಲ್ಲಿ ಒತ್ತಿ ರೂಪಿಸಿದ್ದಾಗಿರುತ್ತದೆ. ಸೆಕೆಂಡಿಗೆ ಕನಿಷ್ಠ 27 ಡಿಗ್ರಿಯಷ್ಟು ವೇಗದಲ್ಲಿ ಅಚ್ಚಿನೊಳಗೇ ತಣಿಯುವ ಹಾಳೆಯು ‘ಮಾರ್ಟೆನ್‌ಸೈಟ್’ ಎಂಬ ಅತಿ ಗಡಸು ಹರಳುರಚನೆಯನ್ನು ಪಡೆಯುವುದರಿಂದ, ಅದರ ಕರ್ಷಣ ಸಾಮರ್ಥ್ಯ, ಅಂದರೆ ಎಳೆತಕ್ಕೆ ಹರಿಯದೆ ನಿಲ್ಲುವ ಶಕ್ತಿ, ಸುಮಾರು 600ರಿಂದ 1500 ಮೆಗಾಪ್ಯಾಸ್ಕಲ್‌ಗೆ ಏರುತ್ತದೆ. ಕಾರುಗಳ ಪೈಕಿ ಈ ವಿಧಾನವು ಮೊದಲು ಬಳಕೆಗೆ ಬಂದದ್ದು 1984ರಲ್ಲಿ, ಸ್ವೀಡನ್ನಿನ ಸಾಬ್ 9000ರಲ್ಲಿ.

ಹಾಳೆ ಕಾಯಿಸಲು ಸಾಮಾನ್ಯವಾಗಿ ಹತ್ತಾರು ಮೀಟರ್ ಉದ್ದದ ಕುಲುಮೆ ಬೇಕಾಗುತ್ತದೆ. ಅದರ ಬದಲು ತಾಮ್ರದ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿಸಿದರೆ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯಿಂದ ಉಕ್ಕಿನೊಳಗೇ ಸುಳಿಪ್ರವಾಹಗಳು ಹುಟ್ಟಿ, ಇಂಡಕ್ಷನ್ ಒಲೆಯ ಮೇಲಿನ ಪಾತ್ರೆಯಂತೆ ಹಾಳೆ ತಾನೇ ಸೆಕೆಂಡುಗಳಲ್ಲಿ ಕಾಯುತ್ತದೆ. ಆದರೆ ಕ್ಯೂರಿ ತಾಪಮಾನವೆಂದು ಕರೆಯಲಾಗುವ ಸುಮಾರು 770 ಡಿಗ್ರಿಯ ಬಳಿಕ ಉಕ್ಕು ತನ್ನ ಪ್ರಬಲ ಕಾಂತಗುಣವನ್ನು ಕಳೆದುಕೊಳ್ಳುವುದರಿಂದ ತೆಳುಹಾಳೆ ಕಾಯುವ ವೇಗ ಕುಗ್ಗುತ್ತದೆ. ಹೀಗಾಗಿ ಕೊನೆಯ ಹಂತಕ್ಕೆ ಬೇರೆ ಬಗೆಯ ಸುರುಳಿಯನ್ನೋ ಚಿಕ್ಕ ಕುಲುಮೆಯನ್ನೋ ಅವಲಂಬಿಸಬೇಕಾಗುತ್ತದೆ.