ಗಣಿತಸಾರಸಂಗ್ರಹದ ಒಂದು ಹಾರಸಂಖ್ಯೆ: 12345654321

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಸಂಸ್ಕೃತ ಕೃತಿ 'ಗಣಿತಸಾರಸಂಗ್ರಹ'. ಎಂ. ರಂಗಾಚಾರ್ಯರ ಆವೃತ್ತಿಯು 1912ರಲ್ಲಿ ಮದರಾಸಿನಿಂದಲೂ, ಪದ್ಮಾವತಮ್ಮ ಅವರ ಕನ್ನಡ ಅನುವಾದಸಹಿತ ಆವೃತ್ತಿಯು 2000ದಲ್ಲಿ ಹೊಂಬುಜದಿಂದಲೂ ಪ್ರಕಟವಾದವು. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸುವ ಈ ಕೃತಿಯ ಗುಣಾಕಾರ ಪ್ರಕರಣದಲ್ಲಿ, ಕಂಠಾಭರಣದಂತೆ ಎರಡು ಕಡೆಯಿಂದಲೂ ಒಂದೇ ಕ್ರಮದಲ್ಲಿ ತೋರುವ ಗುಣಲಬ್ಧಗಳು ಬರುತ್ತವೆ. 139 × 109 = 15151 ಅಂತಹ ಒಂದು ಚಿಕ್ಕ ನಿದರ್ಶನ. 27994681 × 441 = 12345654321 ಎಂಬುದು ಅವುಗಳಲ್ಲಿ ವಿಶೇಷ ಪರಿಶೀಲನೆಗೆ ಅರ್ಹವಾದುದು.

1,234 ಕೋಟಿ 56 ಲಕ್ಷದ 54 ಸಾವಿರದ 321 ಎಂದು ಓದಬೇಕಾದ ಈ ಸಂಖ್ಯೆಯು 111111ರ ವರ್ಗ. ಆರು ಒಂದುಗಳನ್ನು ಅವುಗಳಿಂದಲೇ ಗುಣಿಸಿ, ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆದಾಗ, ಕಂಬಸಾಲುಗಳಲ್ಲಿ ಕ್ರಮವಾಗಿ ಒಂದು, ಎರಡು ಎಂದು ಆರರವರೆಗೆ ಏರಿ ಮತ್ತೆ ಇಳಿಯುವಷ್ಟು ಒಂದುಗಳು ಕೂಡುತ್ತವೆ. ಯಾವ ಮೊತ್ತವೂ ಒಂಬತ್ತನ್ನು ಮೀರದಿರುವುದರಿಂದ ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯುವ ಪ್ರಸಂಗವಿಲ್ಲ. ಒಂಬತ್ತು ಒಂದುಗಳವರೆಗೆ ಈ ಕ್ರಮ ಉಳಿಯುತ್ತದೆ. ಹತ್ತು ಒಂದುಗಳ ವರ್ಗವು 1234567900987654321 ಆಗಿ, ಹಾರ ಹರಿಯುತ್ತದೆ.

ಅಪವರ್ತನದ ದೃಷ್ಟಿಯಿಂದ 111111 = 3 × 7 × 11 × 13 × 37. ಆದುದರಿಂದ ನಮ್ಮ ಸಂಖ್ಯೆಯಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಬಾರಿ ಇವೆ. ಒಂದು ಭಾಜಕದಲ್ಲಿ ಪ್ರತಿಯೊಂದು ಅವಿಭಾಜ್ಯವೂ ಶೂನ್ಯ, ಒಂದು ಅಥವಾ ಎರಡು ಬಾರಿ ಬರಬಹುದಾದ್ದರಿಂದ ಒಟ್ಟು ಭಾಜಕಗಳು 3 × 3 × 3 × 3 × 3, ಅಂದರೆ 243. ಆಚಾರ್ಯನ ಗುಣ್ಯ-ಗುಣಕಗಳೂ ವರ್ಗಗಳೇ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ.

ಇಲ್ಲಿ ಎರಡು ಬಗೆಯ ಗುಣಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. 243 ಭಾಜಕಗಳಿರುವುದು ಸಂಖ್ಯೆಯ ಸ್ವಂತ ಗುಣ. ಯಾವ ಲಿಪಿಯಲ್ಲಿ, ಯಾವ ಪದ್ಧತಿಯಲ್ಲಿ ಬರೆದರೂ ಅದು ಬದಲಾಗದು. ಹಾರದ ರೂಪವಾದರೋ ಸ್ಥಾನಬೆಲೆಯ ಬರವಣಿಗೆಯ ಫಲ. ಇದೇ ಪರಿಮಾಣವನ್ನು ಎರಡರ ಆಧಾರದಲ್ಲಿ ಬರೆದರೆ ಆ ರೂಪ ಕಾಣದು.

ಇಂತಹ ಲೆಕ್ಕಗಳನ್ನು ಕೇವಲ ವಿನೋದವೆಂದು ಬದಿಗಿರಿಸುವುದುಂಟು. ಆದರೆ ಲೆಕ್ಕವನ್ನು ಮಾಡಿ ನೋಡಿದರೆ ಅದರ ಬೋಧನಮೌಲ್ಯ ತಿಳಿಯುತ್ತದೆ. 27994681, 1119787240, 11197872400 ಎಂಬ ಮೂರು ಸಾಲುಗಳಲ್ಲಿ ಎಲ್ಲಿಯೂ ಹಾರದ ಸುಳಿವಿಲ್ಲ. ಅವನ್ನು ಕೂಡಿಸುವಾಗ ದಶಕಗಳು ಮತ್ತೆ ಮತ್ತೆ ಬರುತ್ತವೆ. ಆದರೂ ಮೊತ್ತವು ಹಾರವಾಗಿ ನಿಲ್ಲುತ್ತದೆ. ಒಂದು ಅಂಕ ತಪ್ಪಿದರೂ ಹಾರ ಕೆಡುವುದರಿಂದ, ಉತ್ತರವೇ ತನ್ನ ಶುದ್ಧತೆಗೆ ಸಾಕ್ಷಿ. ಗುರುವಿನ ನೆರವಿಲ್ಲದೆ ಶಿಷ್ಯನು ತನ್ನ ಗುಣಾಕಾರವನ್ನು ತಾನೇ ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಸುಲಭವಾದ ಉಪಾಯ ವಿರಳ. ಹಾರಸಂಖ್ಯೆಗಳನ್ನು ಗಣಿತಶಿಕ್ಷಣದ ಚರಿತ್ರೆಯ ಆಕರಗಳನ್ನಾಗಿಯೂ ಅಧ್ಯಯನ ಮಾಡುವುದು ಉಚಿತ.